ನಿನ್ನ ಬಳಿ ಕೀಲಿಕೈ ಇರದಿರಲಿ

ಮಗಳೇ,

ಗೆಳೆಯರ ಜೊತೆ ಸೇರಿ, ಸಂದೇಶ ಕಳಿಸಿಕೊಳ್ಳುವ ಮೇಟ್ರಿಕ್ಸ್ ಜಾಲದಲ್ಲಿ ನಿಮ್ಮದೇ ಒಂದು ಸರ್ವರ್ ಶುರು ಮಾಡಿದ್ದೀಯ, ಓದುಬಳಗದವರು, ಊರಿನ ಸಂಘದವರು ಎಲ್ಲ ಅದರಲ್ಲೇ ಮಾತಾಡಿಕೊಳ್ಳುತ್ತಿದ್ದಾರೆ ಅಂತ ಹೇಳಿದೆ. ಕೇಳಿ ನಿಜಕ್ಕೂ ಹೆಮ್ಮೆಯಾಯಿತು. ಫೋನ್ ಇಡುವ ಮೊದಲು ನೀನು ಕೇಳಿದ ಪ್ರಶ್ನೆ ಮಾತ್ರ ತಲೆಯಲ್ಲೇ ಉಳಿದಿದೆ: "ನಾಳೆ ಸರ್ಕಾರದವರು ಬಂದು ಎಲ್ಲರ ಮಾತೂ ತೋರಿಸು ಅಂದರೆ ಏನು ಮಾಡಲಿ ದೊಡ್ಡಪ್ಪ?" ಎರಡು ಮಾತಿನಲ್ಲಿ ಮುಗಿಯುವ ವಿಷಯ ಅಲ್ಲ ಇದು. ದೂರವಾಣಿ ಎಕ್ಸ್‌ಚೇಂಜಿನಲ್ಲೇ ತಲೆ ನರೆಸಿಕೊಂಡವನು ನಾನು. ಬೇರೆಯವರ ಮಾತು ಕೈಯಳತೆಯಲ್ಲಿ ಹರಿದುಹೋಗುವ ಕಡೆ ಕೆಲಸ ಮಾಡುವುದು ಅಂದರೇನು ಅಂತ ಬಲ್ಲೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆಯವರ ಮಾತನ್ನು ತೆರೆಯುವ ಕೀಲಿಕೈ ನಿನ್ನ ಬಳಿ ಇರಲೇಬಾರದು. ಕೀಲಿಕೈ ಇಟ್ಟುಕೊಂಡು, ಕೇಳಿದಾಗ ಕೊಡುವುದಿಲ್ಲ ಅಂತ ಸೆಟೆದು ನಿಲ್ಲಲು ದೊಡ್ಡ ಧೈರ್ಯ ಬೇಕು. ಅಂಥ ಧೈರ್ಯ ಎಲ್ಲರಿಗೂ ಎಲ್ಲ ದಿನವೂ ಇರುವುದಿಲ್ಲ. ನಿನ್ನ ಬಳಗದವರ ಗುಟ್ಟು ಒಬ್ಬರ ಧೈರ್ಯವನ್ನು ನಂಬಿಕೊಂಡು ಇರಬಾರದು. ಕೊಡೋಣ ಅಂದರೂ ಕೊಡಲು ಏನೂ ಇಲ್ಲದ ಹಾಗೆ ಕಟ್ಟು.

ಯಾಕೆ ಹೀಗೆ ಹೇಳುತ್ತೇನೆ ಕೇಳು. ನಮ್ಮ ಎಕ್ಸ್‌ಚೇಂಜಿನಲ್ಲಿ ಎಂಡಿಎಫ್ ಅಂತ ಒಂದು ಕೋಣೆ. ಒಂದು ಬದಿಗೆ ನೆಲದಡಿಯಿಂದ ಬಂದ ಕೇಬಲ್ಲಿನ ಜೋಡಿ ತಂತಿಗಳು, ಒಂದೊಂದು ಮನೆಗೆ ಒಂದೊಂದು ಜೋಡಿ. ಎದುರು ಬದಿಗೆ ಯಂತ್ರದ ಕಡೆಯ ಜೋಡಿಗಳು. ನಡುವೆ ಜಂಪರ್ ತಂತಿ. ಯಾರದಾದರೂ ಮಾತು ಕದ್ದು ಕೇಳಬೇಕೆಂದರೆ ಅವರ ಜೋಡಿಗೆ ಇನ್ನೊಂದು ಜೋಡಿಯನ್ನು ಪ್ಯಾರಲಲ್ ಆಗಿ ಸೇರಿಸಿ ಬೇರೆ ಕಡೆಗೆ ಎಳೆದರೆ ಮುಗಿಯಿತು. ಕೈ ಪಳಗಿದವನಿಗೆ ಎರಡು ನಿಮಿಷದ ಕೆಲಸ. ಅದಕ್ಕೆ ಇದ್ದ ತಡೆ ಮೇಲಿನಿಂದ ಬರಬೇಕಾದ ಒಂದು ಕಾಗದ, ಅಷ್ಟೆ.

ಆ ಕಾಗದದ ಕತೆಯೂ ಅಷ್ಟೇನೂ ಗಟ್ಟಿ ಇರಲಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆ ಸರ್ಕಾರಕ್ಕೆ ಕದ್ದಾಲಿಕೆಯ ಅಧಿಕಾರ ಕೊಟ್ಟಿತ್ತು. ಆ ಅಧಿಕಾರಕ್ಕೆ ಕಡಿವಾಣ ಬಿದ್ದದ್ದು 1996ರಲ್ಲಿ, ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ. ಗೃಹ ಕಾರ್ಯದರ್ಶಿಯ ಆದೇಶ ಬೇಕು, ಆದೇಶಕ್ಕೆ ಅವಧಿಯ ಮಿತಿ ಇರಬೇಕು, ಪರಿಶೀಲನೆಗೆ ಒಂದು ಸಮಿತಿ ಇರಬೇಕು ಎಂಬ ನಿಯಮಗಳೆಲ್ಲ ಬಂದದ್ದು ಅಲ್ಲಿಂದ. ನೂರು ವರ್ಷಕ್ಕೂ ಮೇಲೆ ದೇಶ ಆ ಕಡಿವಾಣ ಇಲ್ಲದೇ ನಡೆಯಿತು ನೋಡು. ನಮ್ಮ ರಾಜ್ಯದಲ್ಲೇ 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟದ್ದು ಫೋನ್ ಕದ್ದಾಲಿಕೆಯ ಗದ್ದಲದಲ್ಲಿ. ಜನ ಮೆಚ್ಚಿದ ಮುಖ್ಯಮಂತ್ರಿಯ ಸರ್ಕಾರವನ್ನೂ ಈ ವಿಷಯ ಸುತ್ತಿಕೊಂಡಿತು ಅಂದಮೇಲೆ, ಅಧಿಕಾರದಲ್ಲಿ ಒಳ್ಳೆಯವರಿದ್ದರೆ ಸಾಕು ಅನ್ನುವ ಸಮಾಧಾನ ನಿನಗೆ ಬೇಡ.

ಸರ್ಕಾರದವರು ಜನರ ಮಾತು ಕೇಳಿಸಿಕೊಳ್ಳಲು ಒಂದು ಹಿಂಬಾಗಿಲು ಕೇಳುವಾಗ ಹೇಳುವುದು ಒಂದೇ ಮಾತು: "ನಮಗೆ ಮಾತ್ರ, ಕಾನೂನಿನ ಪ್ರಕಾರ ಮಾತ್ರ." ಹೇಳುವವರಲ್ಲಿ ಎಷ್ಟೋ ಜನ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಗ್ರೀಸ್‌ನಲ್ಲಿ ಏನಾಯಿತು ಅಂತ ನೋಡು. ಅಲ್ಲಿನ ವೊಡಾಫೋನ್ ಕಂಪನಿಯ ಎರಿಕ್ಸನ್ ಸ್ವಿಚ್‌ಗಳ ಸಾಫ್ಟ್‌ವೇರಿನಲ್ಲಿ, ಕಾನೂನುಬದ್ಧ ಕದ್ದಾಲಿಕೆಗೆ ಅಂತಲೇ ಮಾಡಿದ ಒಂದು ಭಾಗ ಇತ್ತು. ಕಂಪನಿ ಅದನ್ನು ಬಳಸುತ್ತಲೂ ಇರಲಿಲ್ಲ, ಸುಮ್ಮನೆ ಕೂತಿತ್ತು. 2004ರ ಅಥೆನ್ಸ್ ಒಲಿಂಪಿಕ್ಸ್ ಹೊತ್ತಿಗೆ ಯಾರೋ ಒಳನುಗ್ಗಿ ಅದನ್ನೇ ಎಬ್ಬಿಸಿದರು. ಪ್ರಧಾನಿ ಕೋಸ್ಟಾಸ್ ಕರಮನ್ಲಿಸ್, ಅವರ ಮಂತ್ರಿಗಳು, ಅಧಿಕಾರಿಗಳು ಸೇರಿ ನೂರಕ್ಕೂ ಹೆಚ್ಚು ಜನರ ಫೋನುಗಳನ್ನು ತಿಂಗಳುಗಟ್ಟಲೆ ಕೇಳಿಸಿಕೊಂಡರು. ಕೆಲವು ಎಸ್ಸೆಮ್ಮೆಸ್‌ಗಳು ತಲುಪುತ್ತಿಲ್ಲ ಅಂತ ದೂರು ಬಂದು, ಎಂಜಿನಿಯರುಗಳು ಕೆದಕಿ ನೋಡಿದಾಗ 2005ರಲ್ಲಿ ಸಂಗತಿ ಪತ್ತೆಯಾಯಿತು. ಕಳ್ಳರು ಹೊಸ ಬಾಗಿಲು ಕೊರೆಯುವ ಅಗತ್ಯವೇ ಬೀಳಲಿಲ್ಲ, ಇದ್ದದ್ದನ್ನು ಬಳಸಿದರು. ಎಕ್ಸ್‌ಚೇಂಜಿನವನಾದ ನನಗೆ ಈ ಪ್ರಕರಣ ಓದಿದಾಗ ಆದ ಕಳವಳ ಇವತ್ತಿಗೂ ಹಾಗೇ ಇದೆ.

ಅದು ಹಳೆಯ ಕತೆ ಅನ್ನಬೇಡ. 2024ರಲ್ಲಿ ಅಮೆರಿಕದ ದೊಡ್ಡ ದೊಡ್ಡ ಟೆಲಿಕಾಂ ಕಂಪನಿಗಳೊಳಗೆ ಸಾಲ್ಟ್ ಟೈಫೂನ್ ಅಂತ ಹೆಸರಿಟ್ಟಿರುವ ಚೀನಾದ ಹ್ಯಾಕರುಗಳ ಗುಂಪು ನುಗ್ಗಿದ್ದು ಗೊತ್ತಾಯಿತು. ನ್ಯಾಯಾಲಯದ ಆದೇಶದ ಮೇಲೆ ಕದ್ದಾಲಿಸಲು ಇಟ್ಟಿದ್ದ ವ್ಯವಸ್ಥೆಯೂ ಅವರ ಕೈಗೆ ಸಿಕ್ಕಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ಅಧಿಕಾರಿಗಳೇ ಮುಂದೆ ಬಂದು, ಎನ್‌ಕ್ರಿಪ್ಷನ್ ಇರುವ, ಅಂದರೆ ಕಳಿಸಿದವರು, ಪಡೆದವರು ಬಿಟ್ಟು ಬೇರೆಯವರು ಓದಲಾಗದ ಆ್ಯಪ್‌ಗಳನ್ನು ಬಳಸಿ ಅಂತ ಜನರಿಗೆ ಬುದ್ಧಿ ಹೇಳಬೇಕಾಯಿತು. ಹೇಳಿದವರಲ್ಲಿ ಎಫ್‌ಬಿಐನವರೂ ಇದ್ದರು. ವರ್ಷಾನುಗಟ್ಟಲೆ ಎನ್‌ಕ್ರಿಪ್ಷನ್ ವಿರುದ್ಧ ವಾದ ಮಾಡಿದ ಸಂಸ್ಥೆ ಅದು.

ಇನ್ನು ನಮ್ಮ ದೇಶದ ವಿಷಯಕ್ಕೆ ಬರೋಣ. ಇಲ್ಲಿ ಸರ್ಕಾರದ ಒತ್ತಡ ಸುಮ್ಮನೆ ಹುಟ್ಟಿದ್ದಲ್ಲ, ಅದರ ಹಿಂದೆ ನಿಜವಾದ ನೋವಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸ್ಆಪ್ ಗಾಳಿಸುದ್ದಿ ನಂಬಿದ ಗುಂಪು ಹೈದರಾಬಾದಿನ ಒಬ್ಬ ಯುವ ಎಂಜಿನಿಯರನ್ನು ಹೊಡೆದು ಕೊಂದಿತು. ಜೊತೆಗಿದ್ದವರಿಗೂ ಏಟು ಬಿತ್ತು. ದೇಶದ ಬೇರೆ ಕಡೆಗಳಲ್ಲೂ ಆ ವರ್ಷ ಇಂಥ ಸಾವುಗಳಾದವು. ಆ ಸಂದೇಶವನ್ನು ಮೊದಲು ಹರಿಬಿಟ್ಟವನು ಯಾರು ಅಂತ ಸತ್ತವರ ಹೆತ್ತವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಖಾಸಗಿತನದ ಪರ ಮಾತಾಡುವಾಗ ಈ ಪ್ರಶ್ನೆಗೆ ಮುಖ ತಿರುಗಿಸಬೇಡ. ಹೊಟ್ಟೆಗೆ ಬೆಂಕಿ ಬಿದ್ದವರ ಎದುರು ತತ್ವ ಮಾತ್ರ ಹೇಳಿದರೆ ನಿನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಆ ಪ್ರಶ್ನೆಗೆ ಸರ್ಕಾರ ಹುಡುಕಿದ ಉತ್ತರವೇ 2021ರ ಫೆಬ್ರವರಿಯಲ್ಲಿ ಬಂದ ಐಟಿ ನಿಯಮಗಳಲ್ಲಿನ 4(2)ನೇ ನಿಯಮ. ದೇಶದಲ್ಲಿ 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಸಂದೇಶ ಸೇವೆಗಳು, ಗಂಭೀರ ಅಪರಾಧಗಳಲ್ಲಿ ಆದೇಶ ಬಂದಾಗ, ಸಂದೇಶದ ಮೊದಲ ಮೂಲ ಯಾರು ಅಂತ ಗುರುತಿಸಿಕೊಡಬೇಕು. ಸಂದೇಶದ ಒಳಗಿನದು ಕೇಳುವುದಿಲ್ಲ, ಮೂಲ ಮಾತ್ರ ಅನ್ನುತ್ತದೆ ನಿಯಮ. ಕೇಳಲು ಹಿತವಾಗಿದೆ. ಎಂಜಿನಿಯರ್ ಆಗಿ ಯೋಚಿಸಿ ನೋಡು: ನಾಳೆ ಯಾವ ಸಂದೇಶ ಅಪರಾಧ ಆಗುತ್ತದೆ ಅಂತ ಇವತ್ತೇ ಗೊತ್ತಿರುವುದಿಲ್ಲ. ಹಾಗಾಗಿ ಪ್ರತಿಯೊಬ್ಬರ ಪ್ರತಿಯೊಂದು ಸಂದೇಶಕ್ಕೂ ಮೊದಲೇ ಗುರುತು ಹಚ್ಚಿ ಇಟ್ಟಿರಬೇಕು. ಅಮ್ಮನಿಗೆ ಕಳಿಸಿದ ಮಾತಿಗೂ, ವೈದ್ಯರಿಗೆ ಕಳಿಸಿದ ವರದಿಗೂ. ಇಷ್ಟೆಲ್ಲ ಮಾಡಿದರೂ, ಕಾಪಿ ಮಾಡಿ ಅಂಟಿಸಿದರೆ ಅಥವಾ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ ಮೂಲದ ಎಳೆ ತಪ್ಪಿಹೋಗುತ್ತದೆ. ಸಂದೇಶ ಹೊರದೇಶದಲ್ಲಿ ಹುಟ್ಟಿದ್ದರೆ ಭಾರತದೊಳಗೆ ಮೊದಲು ಕಳಿಸಿದವರನ್ನೇ ಮೂಲ ಅಂತ ತಿಳಿಯಬೇಕು ಅಂತ ನಿಯಮವೇ ಹೇಳುತ್ತದೆ. "ಇದು ನಿಜವೇ?" ಅಂತ ಕೇಳಲು ಯಾರಿಗೋ ಕಳಿಸಿದ ಮುಗ್ಧನೂ ಆ ಜಾಗದಲ್ಲಿ ನಿಲ್ಲಬೇಕಾಗಬಹುದು. ಇದನ್ನು ಪ್ರಶ್ನಿಸಿ ವಾಟ್ಸ್ಆಪ್ 2021ರ ಮೇ ತಿಂಗಳಲ್ಲೇ ದೆಹಲಿ ಹೈಕೋರ್ಟಿಗೆ ಹೋಯಿತು. ಎನ್‌ಕ್ರಿಪ್ಷನ್ ಮುರಿಯಬೇಕಾಗಿ ಬಂದರೆ ಈ ದೇಶದಲ್ಲಿ ಇರುವುದಿಲ್ಲ ಅಂತ 2024ರ ಏಪ್ರಿಲ್‌ನಲ್ಲಿ ಅದರ ವಕೀಲರು ಕೋರ್ಟಿಗೇ ಹೇಳಿದರು.

ವಾಟ್ಸ್ಆಪ್ ದೊಡ್ಡ ಕಂಪನಿ, ಕೋರ್ಟಿಗೆ ಹೋಗುವ ತಾಕತ್ತಿದೆ. ಇಂಥ ಒಂದೇ ಕಂಪನಿಯನ್ನು ನೆಚ್ಚಿಕೊಳ್ಳಬಾರದು ಅಂತಲೇ ಅಲ್ಲವೇ ನೀವು ಮೇಟ್ರಿಕ್ಸ್ ಕಡೆಗೆ ಹೋದದ್ದು? ಅದು ಸರಿಯಾದ ಆಲೋಚನೆ. ಕಂಪನಿ ಒಂದೇ ಆದಾಗ ಒತ್ತಡ ಹಾಕುವವರಿಗೆ ಕೆಲಸ ಸಲೀಸು. ಬ್ರಿಟನ್ನಿನಲ್ಲಿ ಆದದ್ದು ಇದೇ. 2025ರ ಶುರುವಿನಲ್ಲಿ ಅಲ್ಲಿನ ಸರ್ಕಾರ ಆ್ಯಪಲ್‌ಗೆ ಗುಟ್ಟಿನ ಆದೇಶ ಕೊಟ್ಟಿದೆ ಅನ್ನುವ ಸುದ್ದಿ ಬಂತು. ಫೆಬ್ರವರಿಯಲ್ಲಿ ಆ್ಯಪಲ್ ಹಿಂಬಾಗಿಲು ಮಾಡಿಕೊಡುವ ಬದಲು, ಐಕ್ಲೌಡ್‌ನಲ್ಲಿಟ್ಟ ಮಾಹಿತಿಗೆ ಪೂರ್ತಿ ರಕ್ಷಣೆ ಕೊಡುವ ಸೌಲಭ್ಯವನ್ನೇ ಬ್ರಿಟನ್ನಿನ ಬಳಕೆದಾರರಿಂದ ಹಿಂತೆಗೆದುಕೊಂಡಿತು. ಜಗಳ ಸರ್ಕಾರಕ್ಕೂ ಕಂಪನಿಗೂ, ಕಳೆದುಕೊಂಡವರು ಮಾತ್ರ ಜನ.

ಸರ್ವರ್ ಸಾವಿರ ಕಡೆ ಹಂಚಿಹೋದರೆ ಈ ಆಟ ನಡೆಯುವುದಿಲ್ಲ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 14 ಆ್ಯಪ್‌ಗಳನ್ನು ತಡೆಹಿಡಿಯಿತು. ಜಮ್ಮು-ಕಾಶ್ಮೀರದಲ್ಲಿ ಉಗ್ರರು ಬಳಸುತ್ತಾರೆ, ಇವುಗಳ ಪ್ರತಿನಿಧಿಗಳು ದೇಶದಲ್ಲಿಲ್ಲ ಅನ್ನುವುದು ಕೊಟ್ಟ ಕಾರಣ. ಪಟ್ಟಿಯಲ್ಲಿ ಎಲಿಮೆಂಟ್ ಇತ್ತು, ಬ್ರಯರ್ ಇತ್ತು. ಎಲಿಮೆಂಟ್ ಅನ್ನುವುದು ಮೇಟ್ರಿಕ್ಸ್ ಬಳಸಲು ಇರುವ ಹಲವು ಆ್ಯಪ್‌ಗಳಲ್ಲಿ ಒಂದು. ಅದನ್ನು ಮುಚ್ಚಿದರೂ ಮೇಟ್ರಿಕ್ಸ್ ಮುಚ್ಚುವುದಿಲ್ಲ. ಬ್ರಯರ್‌ಗಂತೂ ಕೇಂದ್ರ ಸರ್ವರೇ ಇಲ್ಲ. ಇಂಟರ್‌ನೆಟ್ ಇಲ್ಲದಿದ್ದರೆ ಹತ್ತಿರದ ಫೋನುಗಳ ನಡುವೆ ಬ್ಲೂಟೂತ್‌ನಲ್ಲೇ ಸಂದೇಶ ದಾಟಿಸುತ್ತದೆ. ಹೀಗಾಗಿ ತಡೆಯಿಂದ ದುಷ್ಟರಿಗೆ ಆದ ತೊಂದರೆ ಕಡಿಮೆ, ಅವರು ಇನ್ನೊಂದು ಹುಡುಕಿಕೊಳ್ಳುತ್ತಾರೆ. ಇದೇ ಮೇಟ್ರಿಕ್ಸ್ ಮೇಲೆ ಫ್ರಾನ್ಸ್ ಸರ್ಕಾರ ತನ್ನ ನೌಕರರಿಗೆ ಚಾಪ್ ಅನ್ನುವ ಸಂದೇಶ ಸೇವೆ ಕಟ್ಟಿಕೊಂಡಿದೆ, ಜರ್ಮನಿಯ ಸೇನೆಯೂ ತನ್ನದನ್ನು ಕಟ್ಟಿಕೊಂಡಿದೆ. ಯಾರಾದರೂ ಇದು ಕಳ್ಳಕಾಕರ ಸಾಧನ ಅಂದರೆ ಈ ಎರಡು ಹೆಸರು ಹೇಳು.

ಆದರೆ ಹಂಚಿಹೋದ ಮಾತ್ರಕ್ಕೆ ಎಲ್ಲ ಭದ್ರ ಅಂತ ತಿಳಿಯಬೇಡ. ನಿನ್ನ ಸರ್ವರಿನ ಡೇಟಾಬೇಸಿನಲ್ಲಿ ಎನ್‌ಕ್ರಿಪ್ಟ್ ಆದ ಒಂದು ಸಂದೇಶ ತೆಗೆದು ನೋಡು. "ನಾಳೆ ಆರಕ್ಕೆ ಬರ್ತೀನಿ" ಅಂತ ಯಾರೋ ಬರೆದ ಮಾತು ಅಲ್ಲಿ ಅಕ್ಷರ, ಅಂಕಿಗಳ ಉದ್ದನೆಯ ಕಲಸುಮೇಲೋಗರವಾಗಿ ಕೂತಿರುತ್ತದೆ, ಅದನ್ನು ನೀನೂ ಓದಲಾರೆ. ಅದರ ಪಕ್ಕದಲ್ಲೇ ಕಳಿಸಿದವರು ಯಾರು, ಯಾವ ಕೋಣೆಗೆ (ಅಂದರೆ ಯಾವ ಗುಂಪಿಗೆ), ಎಷ್ಟು ಹೊತ್ತಿಗೆ ಅನ್ನುವುದು ಸ್ಪಷ್ಟವಾಗಿ ಬರೆದಿರುತ್ತದೆ. ಕೋಣೆಯ ಹೆಸರು, ಸದಸ್ಯರ ಪಟ್ಟಿಯೂ ಕಾಣುತ್ತವೆ. ಕೋಣೆಯಲ್ಲಿ ಬೇರೆ ಸರ್ವರಿನವರು ಇದ್ದರೆ ಇದೆಲ್ಲದರ ಪ್ರತಿ ಅವರ ಸರ್ವರಿನಲ್ಲೂ ಇರುತ್ತದೆ. ಯಾರು ಯಾರ ಜೊತೆ ಯಾವಾಗ ಮಾತಾಡಿದರು ಅಂತ ತಿಳಿದರೆ ಏನು ಮಾತಾಡಿದರು ಅಂತ ಊಹಿಸುವುದು ಕಷ್ಟವಲ್ಲ. ಎಕ್ಸ್‌ಚೇಂಜಿನ ಬಿಲ್ಲಿಂಗ್ ದಾಖಲೆ ನೋಡಿದ ಯಾರನ್ನು ಬೇಕಾದರೂ ಕೇಳು.

ಹಾಗಾಗಿ, ಮಗಳೇ, ಈ ಕೆಲವು ಕೆಲಸ ಮಾಡು.

ಮೊದಲನೆಯದಾಗಿ, ಇಡಲೇಬೇಕಾದ್ದಕ್ಕಿಂತ ಹೆಚ್ಚು ಇಡಬೇಡ. ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸಿಇಆರ್‌ಟಿ-ಇನ್‌ನ 2022ರ ನಿರ್ದೇಶನದಂತೆ ಸಿಸ್ಟಮ್ ಲಾಗ್‌ಗಳನ್ನು 180 ದಿನ ಇಡುವ ಕಟ್ಟಳೆ ಇದೆ. ನಿನ್ನಂಥವರಿಗೆ ಅದು ಎಷ್ಟು ಅನ್ವಯ ಅಂತ ಒಬ್ಬ ವಕೀಲರನ್ನು ಕೇಳಿ ತಿಳಿದುಕೋ. ಕಾನೂನು ಇಡು ಅಂದದ್ದನ್ನು ಇಡು. ಉಳಿದದ್ದನ್ನು "ಮುಂದೆ ಬೇಕಾದೀತು" ಅಂತ ಕೂಡಿಡಬೇಡ. ಸಿಗ್ನಲ್ ಆ್ಯಪ್‌ಗೆ 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿಯ ಸಮನ್ಸ್ ಬಂದಾಗ ಅವರು ಕೊಡಲು ಸಾಧ್ಯವಾದದ್ದು ಎರಡೇ ಸಂಗತಿ: ಖಾತೆ ತೆರೆದದ್ದು ಯಾವಾಗ, ಕೊನೆಯ ಸಲ ಸಂಪರ್ಕಕ್ಕೆ ಬಂದದ್ದು ಯಾವಾಗ. ಅವರು ಆದೇಶ ಮೀರಲಿಲ್ಲ, ಸುಳ್ಳು ಹೇಳಲಿಲ್ಲ, ಇದ್ದದ್ದನ್ನು ಕೊಟ್ಟರು. ಅದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ.

ಎರಡನೆಯದು, ನಿನ್ನ ಬಳಗದವರಿಗೆ ಒಬ್ಬರನ್ನೊಬ್ಬರು ಖಾತ್ರಿಪಡಿಸಿಕೊಳ್ಳುವುದನ್ನು ಕೈಹಿಡಿದು ಕಲಿಸು. ಎಲಿಮೆಂಟ್‌ನಲ್ಲಿ ಎರಡು ಪರದೆಗಳ ಮೇಲೆ ಏಳು ಚಿತ್ರಗಳು ಬರುತ್ತವಲ್ಲ, ಅವು ಎರಡೂ ಕಡೆ ಒಂದೇ ಕ್ರಮದಲ್ಲಿ ಇವೆಯೇ ಅಂತ ಎದುರೆದುರು ಕೂತು ನೋಡಿಕೊಳ್ಳಲಿ. ನಡುವೆ ಕಾಣದ ಮೂರನೆಯವನೊಬ್ಬ ಸೇರಿಕೊಂಡಿದ್ದರೆ ಬಯಲಾಗುವುದು ಅಲ್ಲೇ. ಹಾಗೆಯೇ ಫೋನಿಗೆ ಲಾಕ್ ಇರಲಿ, ಬ್ಯಾಕಪ್ಪಿಗೂ ಎನ್‌ಕ್ರಿಪ್ಷನ್ ಇರಲಿ. ಮಾತು ದಾರಿಯಲ್ಲಿ ಸೋರುವುದಕ್ಕಿಂತ ಹೆಚ್ಚಾಗಿ ಸೋರುವುದು ತೆರೆದಿಟ್ಟ ಫೋನಿನಿಂದ, ಬೀಗವಿಲ್ಲದ ಬ್ಯಾಕಪ್ಪಿನಿಂದ.

ಮೂರನೆಯದು, ಒಳಗೇನಿದೆ ಅಂತ ಯಾರೂ ನೋಡಲಾಗದ ಸಾಫ್ಟ್‌ವೇರನ್ನು ನಂಬಬೇಡ. ಆನೊಮ್ ಅನ್ನುವ ಗುಟ್ಟಿನ ಸಂದೇಶ ಸೇವೆಯನ್ನು ಅಪರಾಧಿಗಳು ತಮ್ಮದೇ ಅಂತ ನಂಬಿ ಬಳಸಿದರು, ಅದನ್ನು ಹಿಂದಿನಿಂದ ನಡೆಸುತ್ತಿದ್ದದ್ದು ಎಫ್‌ಬಿಐ. 2021ರ ಜೂನ್‌ನಲ್ಲಿ ಹಲವು ದೇಶಗಳಲ್ಲಿ 800ಕ್ಕೂ ಹೆಚ್ಚು ಜನರ ಬಂಧನವಾಯಿತು. ಇದರಿಂದ ಎರಡು ಪಾಠ. ಮೂಲ ಕೋಡ್ ತೆರೆದಿರಬೇಕು ಅನ್ನುವುದು ಒಂದು. ಎಲ್ಲರ ಫೋನಿಗೂ ಹಿಂಬಾಗಿಲು ಇಡದೆಯೇ ದೊಡ್ಡ ಅಪರಾಧಿಗಳನ್ನು ಹಿಡಿಯುವ ದಾರಿಗಳು ಪೊಲೀಸರಿಗೆ ಇವೆ ಅನ್ನುವುದು ಇನ್ನೊಂದು. ಎರಡನೆಯದನ್ನು ಧೈರ್ಯವಾಗಿ ಹೇಳು.

ನಾಲ್ಕನೆಯದು, ಅಧಿಕಾರಿ ಬಂದರೆ ಗೌರವದಿಂದ ಕೂರಿಸು. ಬಾಯಿಮಾತಿನ ಆದೇಶಕ್ಕೆ ಮಣಿಯಬೇಡ, ಜಗಳಕ್ಕೂ ಇಳಿಯಬೇಡ. ಯಾವ ಕಲಮಿನಡಿ, ಯಾರ ಸಹಿಯ ಮೇಲೆ ಅಂತ ಲಿಖಿತವಾಗಿ ಕೇಳು, ಕೂಡಲೇ ವಕೀಲರಿಗೆ ತೋರಿಸು. ಐಟಿ ಕಾಯ್ದೆಯ 69ನೇ ಕಲಮಿನಡಿ ಬಂದ ಸರಿಯಾದ ಆದೇಶಕ್ಕೆ ಸಹಕರಿಸದಿದ್ದರೆ 7 ವರ್ಷದವರೆಗೆ ಜೈಲು ಇದೆ, ಇದು ಹುಡುಗಾಟ ಅಲ್ಲ. ಆದರೆ ಅದರ ಜೊತೆಗಿನ 2009ರ ನಿಯಮಗಳನ್ನೂ ಓದು. ಎನ್‌ಕ್ರಿಪ್ಟ್ ಮಾಡಿದ್ದು ಆ ಸೇವೆ ಕೊಡುವವರೇ ಆಗಿದ್ದರೆ, ಇಲ್ಲವೇ ಬಿಡಿಸುವ ಕೀ ಅವರ ಹತೋಟಿಯಲ್ಲಿದ್ದರೆ, ಅಷ್ಟರ ಮಟ್ಟಿಗೆ ಮಾತ್ರ ಬಿಡಿಸಿಕೊಡಬೇಕು ಅಂತ ಅಲ್ಲಿ ಮಿತಿ ಹಾಕಿದ್ದಾರೆ. ಕೀಲಿಕೈ ನಿನ್ನ ಬಳಿ ಇರಬಾರದು ಅಂತ ನಾನು ಪದೇಪದೇ ಹೇಳುವುದು ಅದಕ್ಕೇ. ಅದು ನಿನ್ನ ಜನರನ್ನೂ ಕಾಯುತ್ತದೆ, ನಿನ್ನನ್ನೂ ಕಾಯುತ್ತದೆ.

ಐದನೆಯದು, ಇದೇ ಎಲ್ಲಕ್ಕಿಂತ ಭಾರವಾದದ್ದು. ಯಾರೂ ಒಳಗೆ ನೋಡಲಾರದ ಜಾಗವನ್ನು ಕಟ್ಟಿದ ಮೇಲೆ ಅಲ್ಲಿ ಆಗುವ ಅನ್ಯಾಯಕ್ಕೆ ನೀನು ಕಿವಿಗೊಡಲೇಬೇಕು. ಕೆಟ್ಟ ಸಂದೇಶ ಬಂದವರ ಪರದೆಯ ಮೇಲೆ ಅದು ತೆರೆದೇ ಇರುತ್ತದೆ, ಅವರು ಅದನ್ನು ದೂರಿನ ಜೊತೆ ಕಳಿಸಬಹುದು. ಅದಕ್ಕೆ ಎನ್‌ಕ್ರಿಪ್ಷನ್ ಮುರಿಯಬೇಕಾಗಿಲ್ಲ. ದೂರು ಕೊಡುವ ದಾರಿ ಸುಲಭವಾಗಿರಲಿ, ಕನ್ನಡದಲ್ಲಿರಲಿ. ಹುಡುಗಿಯೊಬ್ಬಳ ಫೋಟೊ ಹರಿದಾಡುತ್ತಿದೆ ಅಂತ ರಾತ್ರಿ ಹನ್ನೊಂದಕ್ಕೆ ದೂರು ಬಂದರೆ ಬೆಳಗಾಗುವವರೆಗೆ ಕಾಯಬೇಡಿ. ಕಳಿಸಿದವನ ಖಾತೆ ಮುಚ್ಚಿ, ಆಕೆ ಪೊಲೀಸರ ಬಳಿ ಹೋಗುವುದಾದರೆ ಜೊತೆಗೆ ಹೋಗಿ. ಮುರ್ಕಿಯ ಘಟನೆಯ ನಂತರ ವಾಟ್ಸ್ಆಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದೇ ಕಡೆಗೆ ಫಾರ್ವರ್ಡ್ ಮಾಡುವ ಮಿತಿ ತಂದಿತು. ಯಾರ ಗುಟ್ಟನ್ನೂ ಮುಟ್ಟದೆ ಗಾಳಿಸುದ್ದಿಯ ಓಟಕ್ಕೆ ಲಗಾಮು ಹಾಕುವ ಇಂಥ ಉಪಾಯಗಳನ್ನು ನೀವೂ ಹುಡುಕಿ. ದೊಡ್ಡ ಕಂಪನಿ ಇಲ್ಲದ ಕಡೆ ಈ ಹೊಣೆ ಹೊರಲು ಬೇರೆ ಯಾರೂ ಇಲ್ಲ, ನೀವೇ ಹೊರಬೇಕು. ಹೊರಲು ಆಗುವುದಿಲ್ಲ ಅನ್ನಿಸಿದರೆ ಅಷ್ಟು ಜನರನ್ನು ಸೇರಿಸಿಕೊಳ್ಳಬೇಡಿ.

ಇಷ್ಟೆಲ್ಲ ಯಾಕೆ, ಬಚ್ಚಿಡುವಂಥದ್ದು ನಮ್ಮಲ್ಲೇನಿದೆ ಅಂತ ನಿನ್ನನ್ನು ತುಂಬ ಜನ ಕೇಳುತ್ತಾರೆ. ಅವರಿಗೆ ಕೆ.ಎಸ್. ಪುಟ್ಟಸ್ವಾಮಿಯವರ ವಿಷಯ ಹೇಳು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದವರು. ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಹೆಸರಿನ ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂತ ಸಾರಿತು. ಅದಕ್ಕೆ ಮಿತಿಯೇ ಇಲ್ಲ ಅಂತಲೂ ಹೇಳಲಿಲ್ಲ. ಸರ್ಕಾರ ಆ ಹಕ್ಕಿನ ಮೇಲೆ ಕೈಯಿಡಬೇಕಾದರೆ ಕಾನೂನಿನ ಬಲ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕ್ರಮ ಇರಬೇಕು ಅನ್ನುವ ಅಳತೆಗೋಲು ಕೊಟ್ಟಿತು. ಒಬ್ಬ ಅಪರಾಧಿಗಾಗಿ ಕೋಟ್ಯಂತರ ಜನರ ಮಾತಿಗೆ ಹಿಂಬಾಗಿಲು ಇಡುವುದು ಆ ಅಳತೆಗೆ ನಿಲ್ಲುವುದಿಲ್ಲ ಅಂತ ನಾನು ದೃಢವಾಗಿ ನಂಬುತ್ತೇನೆ. ನೀನೂ ಆ ತೀರ್ಪನ್ನು ಓದು, ನಿನ್ನ ಗೆಳೆಯರಿಗೂ ಓದಿಸು.

ಕೊನೆಯದಾಗಿ ಒಂದು ಕೆಲಸ, ಈ ವಾರವೇ ಆಗಬೇಕು. ನಿಮ್ಮ ಸರ್ವರಿಗೆ ಹೊಸಬರು ಸೇರುವ ಮೊದಲ ಪುಟದಲ್ಲಿ ಸರಳ ಕನ್ನಡದಲ್ಲಿ ಬರೆದು ಹಾಕಿ: ನಿಮ್ಮ ಬಗ್ಗೆ ನಮ್ಮ ಬಳಿ ಏನೇನು ಉಳಿಯುತ್ತದೆ, ಎಷ್ಟು ದಿನ ಉಳಿಯುತ್ತದೆ, ಕಾನೂನಿನ ಆದೇಶ ಬಂದರೆ ಏನನ್ನು ಕೊಡುತ್ತೇವೆ, ಏನನ್ನು ಕೊಡಲು ನಮ್ಮಿಂದ ಸಾಧ್ಯವೇ ಇಲ್ಲ. ಅದನ್ನು ಓದಿಯೇ ಜನ ಒಳಗೆ ಬರಲಿ. ಅಧಿಕಾರಿ ಬಂದ ದಿನ ಅವರಿಗೂ ಅದೇ ಪುಟ ತೋರಿಸು. ಬಳಗಕ್ಕೆ ಒಂದು ಮಾತು, ಸರ್ಕಾರಕ್ಕೆ ಇನ್ನೊಂದು ಮಾತು ಹೇಳಬೇಕಾದ ಗತಿ ನಿನಗೆ ಯಾವತ್ತೂ ಬರಬಾರದು. ಬರೆದ ಮೇಲೆ ನನಗೊಮ್ಮೆ ಕಳಿಸು. ನಿನ್ನ ದೊಡ್ಡಮ್ಮ ಓದಿದರೆ ಅರ್ಥವಾಗುತ್ತದೆಯೇ ಅಂತ ನೋಡಿ ಹೇಳುತ್ತೇನೆ.